ಊರಿಗೆ ಹೋದಾಗ ಮೀನಿನ ಟ್ಯಾಂಕ್: ಆಟೋ ಫೀಡರ್‌ಗೆ ಮೂರು ಸ್ಟಾರ್, ಬ್ಯಾಟರಿ ಏರ್ ಪಂಪ್‌ಗೆ ಐದು

ಮೊದಲೇ ಹೇಳಿಬಿಡುತ್ತೇನೆ. ನೀವು ಒಂದು ವಾರ ಊರಿಗೆ ಹೋಗಿ ಬರುವವರಾದರೆ ಹೊತ್ತಿಗೆ ಸರಿಯಾಗಿ ತಾನೇ ಮೀನಿಗೆ ಊಟ ಹಾಕುವ ಆಟೋಮ್ಯಾಟಿಕ್ ಫೀಡರ್ ಬೇಕಾಗಿಲ್ಲ. ಹತ್ತು ದಿನಕ್ಕೂ ಬೇಕಾಗಿಲ್ಲ. ದೊಡ್ಡದಾಗಿ ಬೆಳೆದ, ಆರೋಗ್ಯವಾಗಿರುವ ಮೀನು ಅಷ್ಟು ದಿನ ಊಟವಿಲ್ಲದೆ ಆರಾಮಾಗಿ ಇರುತ್ತದೆ. ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳುವುದಕ್ಕೆ ಅದು ಶಕ್ತಿ ಖರ್ಚು ಮಾಡುವುದಿಲ್ಲ, ಆದ್ದರಿಂದ ಅದಕ್ಕೆ ಬೇಕಾಗುವುದೇ ಸ್ವಲ್ಪ. ಆದರೆ ಅದೇ ಮೀನನ್ನು ತುಂಬಿದ ಟ್ಯಾಂಕಿನಲ್ಲಿ ಬಿಟ್ಟು, ಬೇಸಿಗೆ ರಾತ್ರಿ ಕರೆಂಟ್ ಹೋಗಿ ಫಿಲ್ಟರ್ ನಿಂತರೆ, ಬೆಳಗಾಗುವಷ್ಟರಲ್ಲಿ ಮೇಲೆ ಬಂದು ಬಾಯಿ ಬಿಡುತ್ತಿರುತ್ತದೆ. ಅಂಗಡಿಯವರು ಮಾತ್ರ "ಊರಿಗೆ ಹೋಗ್ತಿದ್ದೀರಾ ಮೇಡಂ, ಫೀಡರ್ ತಗೊಳ್ಳಿ" ಅಂತಾರೆಯೇ ಹೊರತು "ಕರೆಂಟ್ ಹೋದರೆ ಏನು ಮಾಡ್ತೀರಾ" ಅಂತ ಕೇಳಿದವರನ್ನು ನಾನು ಇನ್ನೂ ನೋಡಿಲ್ಲ.

ನನ್ನದು ಬೆಂಗಳೂರಿನ ಫ್ಲಾಟು. ಮೂರು ಅಡಿ ಉದ್ದದ ಟ್ಯಾಂಕ್, ನೀರು ಸುಮಾರು 150 ಲೀಟರ್. ಎರಡು ಏಂಜೆಲ್, ಒಂದು ಗುಂಪು ಬ್ಲಾಕ್ ವಿಡೋ ಟೆಟ್ರಾ, ತಳದಲ್ಲಿ ಕೋರಿಡೋರಸ್. ಪಕ್ಕದಲ್ಲಿ ಗಪ್ಪಿಗಳ ಚಿಕ್ಕ ಟ್ಯಾಂಕ್ ಬೇರೆ ಇದೆ, ಅದರಲ್ಲಿ ಯಾವಾಗಲೂ ಮರಿಗಳು. ಮಕ್ಕಳ ಬೇಸಿಗೆ ರಜೆಗೆ ತೀರ್ಥಹಳ್ಳಿಗೆ, ದಸರಾಕ್ಕೆ ಒಂದಿಷ್ಟು ದಿನ, ಮದುವೆ ಮುಂಜಿ ಅಂತ ಆಗಾಗ, ಹೀಗೆ ಮನೆ ಬೀಗ ಹಾಕುವುದು ನಮಗೆ ಮಾಮೂಲು. ಅದಕ್ಕೇ ಈ ಸಾಮಾನುಗಳನ್ನೆಲ್ಲ ಒಂದೊಂದಾಗಿ ಕೊಂಡು, ಬಳಸಿ ನೋಡಿದ್ದೇನೆ.

ಮೊದಲು ಫೀಡರ್. ನನ್ನ ಹತ್ತಿರ ಇರುವುದು ಎಲ್ಲರ ಹತ್ತಿರವೂ ಇರುವ ಡ್ರಮ್ ಥರದ್ದು. ಬ್ರಾಂಡ್ ಹೆಸರು ಹೇಳಿ ಪ್ರಯೋಜನವಿಲ್ಲ, ಒಂದೇ ಅಚ್ಚಿನ ಮಾಲು ಆನ್‌ಲೈನ್‌ನಲ್ಲಿ ಹತ್ತು ಹೆಸರಿನಲ್ಲಿ ಸಿಗುತ್ತದೆ. ಬೆಲೆ ಸಾವಿರದ ಆಸುಪಾಸಿನಿಂದ ಶುರು. ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಮೀನಿನ ಊಟದ ಕಾಳು ತುಂಬುವುದು, ಪಕ್ಕದಲ್ಲಿ ಜಾರಿಸುವ ಸಣ್ಣ ಕಿಂಡಿ, ಎರಡು ಪೆನ್ಸಿಲ್ ಸೆಲ್, ಒಂದು ಚಿಕ್ಕ ಗಡಿಯಾರದ ಪರದೆ. ಹೇಳಿದ ಹೊತ್ತಿಗೆ ಡಬ್ಬಿ ಒಂದು ಸುತ್ತು ತಿರುಗುತ್ತದೆ, ಕಿಂಡಿ ಕೆಳಗೆ ಬಂದಾಗ ಕಾಳು ಉದುರುತ್ತದೆ. ಇಷ್ಟೇ. ಇದರಲ್ಲಿ ಕೆಡುವಂಥದ್ದು ಏನಿದೆ ಅನ್ನಿಸುತ್ತದೆ ಅಲ್ವಾ?

ಮೋಟರು ಕೆಡಲಿಲ್ಲ, ನಿಜ. ಹೊತ್ತಿಗೆ ಸರಿಯಾಗಿ ತಿರುಗುತ್ತದೆ. ತೊಂದರೆ ಇರುವುದು ಕಿಂಡಿಯಲ್ಲಿ. ಅದನ್ನು ಎಷ್ಟು ಸಣ್ಣದು ಮಾಡಿದರೂ ಒಂದು ಸುತ್ತಿಗೆ ಬೀಳುವ ಕಾಳು ಚಿಕ್ಕ ಟ್ಯಾಂಕಿಗೆ ಜಾಸ್ತಿಯೇ. ದೊಡ್ಡ ಟ್ಯಾಂಕಿಗೆ ಪರವಾಗಿಲ್ಲ. ಇನ್ನೊಂದು, ಡಬ್ಬಿ ತುಂಬಿರುವಾಗ ಬೀಳುವ ಪ್ರಮಾಣ ಬೇರೆ, ಅರ್ಧ ಖಾಲಿಯಾದ ಮೇಲೆ ಬೀಳುವ ಪ್ರಮಾಣ ಬೇರೆ. ಟ್ಯಾಂಕಿನ ಮೇಲೆ ಇಡುವ ಮುಂಚೆ ಬಿಳಿ ಕಾಗದದ ಮೇಲೆ ತಿರುಗಿಸಿ, ಬಿದ್ದದ್ದನ್ನು ನೋಡುತ್ತಾ ಕೂತಿದ್ದೆ. ಒಂದು ಸುತ್ತಿಗೆ ಒಂದು ಚಿಟಿಕೆ, ಮುಂದಿನ ಸುತ್ತಿಗೆ ಅದರ ದುಪ್ಪಟ್ಟು, ಆಮೇಲೆ ಒಂದು ಸಲ ನಾಲ್ಕೇ ನಾಲ್ಕು ಕಾಳು. ಹೀಗೆ. ನಾಲ್ಕು ಕಾಳು ಬಿದ್ದರೆ ನನಗೆ ಚಿಂತೆಯಿಲ್ಲ. ದುಪ್ಪಟ್ಟು ಬೀಳುವುದೇ ಚಿಂತೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ವಿಷಯ ನಿಂತಿರುವುದೇ ಇದರ ಮೇಲೆ. ಮೀನು ತಿಂದದ್ದು ಕಿವಿರಿನಿಂದ ಅಮೋನಿಯಾ ಆಗಿ ನೀರಿಗೆ ಬರುತ್ತದೆ. ತಿನ್ನದೆ ತಳಕ್ಕೆ ಬಿದ್ದ ಕಾಳೂ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟೇನೂ ಅಪಾಯವಿಲ್ಲ, ಮೊದಲಿನ ಎರಡು ವಿಷ. ಈ ಬ್ಯಾಕ್ಟೀರಿಯಾ ಮನೆಯಲ್ಲಿರುವಷ್ಟು ಮೀನಿಗೆ, ದಿನಾ ಹಾಕುವಷ್ಟು ಊಟಕ್ಕೆ ಸರಿಯಾಗುವಷ್ಟೇ ಬೆಳೆದಿರುತ್ತವೆ. ಒಮ್ಮೆಲೇ ದುಪ್ಪಟ್ಟು ಕೆಲಸ ಕೊಟ್ಟರೆ ಅವಕ್ಕೆ ಆಗುವುದಿಲ್ಲ. ಅದರ ಮೇಲೆ ನಮ್ಮ ಬೋರ್‌ವೆಲ್ ನೀರು. ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಅದು ಗಡಸು ನೀರು, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) ಎಂಟರ ಹತ್ತಿರ ಇರುವುದು ಅಪರೂಪವೇನಲ್ಲ. ಪಿಎಚ್ ಏಳರಿಂದ ಎಂಟಕ್ಕೆ ಏರಿದರೆ ಅದೇ ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವ ಪಾಲು ಸುಮಾರು ಹತ್ತು ಪಟ್ಟು ಆಗುತ್ತದೆ. ನೀರು ಬಿಸಿಯಾದಷ್ಟೂ ಅದು ಇನ್ನೂ ಏರುತ್ತದೆ. ಹಾಗಾಗಿ ಕಾವೇರಿ ನೀರಿನ ಮನೆಯವರು "ನಮ್ಮಲ್ಲಿ ಫೀಡರ್ ಚೆನ್ನಾಗೇ ಇತ್ತಲ್ಲ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರ ನೀರು ಬೇರೆ ಅಷ್ಟೇ.

ಇನ್ನು ತೇವ. ಟ್ಯಾಂಕಿನ ಮೇಲೆ ಮುಚ್ಚಳ ಇರುತ್ತದೆ, ಒಳಗೆ ಆವಿ ತುಂಬಿರುತ್ತದೆ, ಫೀಡರಿನ ಕಿಂಡಿ ಇರುವುದು ಅದಕ್ಕೆ ಎದುರಾಗಿಯೇ. ಕಾಳು ತೇವ ಹೀರಿ ಕಿಂಡಿಗೆ ಅಂಟಿಕೊಳ್ಳುತ್ತದೆ. ಬೆಂಗಳೂರಿನ ಒಣ ಚಳಿಗಾಲದಲ್ಲಿ ನನಗೆ ಈ ತೊಂದರೆ ಬಂದೇ ಇಲ್ಲ. ಅಕ್ಕನ ಮನೆ ಮಂಗಳೂರಿನಲ್ಲಿ, ಅವಳ ಹತ್ತಿರವೂ ಇದೇ ಫೀಡರ್. ಮಳೆಗಾಲದಲ್ಲಿ ಅದರ ಬಾಯಿ ಕಟ್ಟಿಕೊಂಡು, ಒಳಗಿನ ಕಾಳೆಲ್ಲ ಗಟ್ಟಿ ಉಂಡೆಯಾಗಿ, ಬೂಸ್ಟು ಬಂದಿತ್ತು. ಅದು ಪುಣ್ಯ ಅಂತಲೇ ಹೇಳಬೇಕು, ಆ ಬೂಸ್ಟು ಹಿಡಿದ ಉಂಡೆ ಇಡಿಯಾಗಿ ನೀರಿಗೆ ಬಿದ್ದಿದ್ದರೆ ಕಥೆ ಬೇರೆಯೇ ಇತ್ತು. ಕರಾವಳಿಯವರು ಈ ಥರದ್ದನ್ನು ಕೊಳ್ಳುವುದಾದರೆ ಡಬ್ಬಿಯೊಳಗೆ ಗಾಳಿಯಾಡಿಸುವ ಪುಟ್ಟ ಫ್ಯಾನ್ ಇರುವುದನ್ನು ನೋಡಿ. ಐಹೈಮ್ ಕಂಪನಿಯ ಆಟೋಫೀಡರಿನಲ್ಲಿ ಈ ವ್ಯವಸ್ಥೆ ಇದೆ, ಆದರೆ ಬೆಲೆ ಮಾಮೂಲಿ ಫೀಡರಿನ ಹಲವು ಪಟ್ಟು. ಇಲ್ಲದಿದ್ದರೆ ಏರ್ ಪಂಪಿನ ಪೈಪಿನಿಂದ ಒಂದು ಕವಲು ಎಳೆದು ಡಬ್ಬಿಗೆ ಗಾಳಿ ಬಿಡುವ ಜಾಗ ಇರುವ ಮಾಡೆಲ್‌ಗಳೂ ಸಿಗುತ್ತವೆ. ಅದು ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ.

ಫ್ಲೇಕ್ಸ್, ಅಂದರೆ ತೆಳು ಚಕ್ಕೆಯಂಥ ಊಟ, ಮಾತ್ರ ಹಾಕಲೇಬೇಡಿ. ಹಗುರ, ತೇವಕ್ಕೆ ಬೇಗ ಅಂಟುತ್ತದೆ, ಡಬ್ಬಿ ತಿರುಗಿದರೂ ಗೋಡೆಗೆ ಹತ್ತಿಕೊಂಡೇ ಇರುತ್ತದೆ. ಒಂದು ಮಿಲಿಮೀಟರ್ ಗಾತ್ರದ ಗುಂಡು ಕಾಳು ಸರಿ. ಏರ್ ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆ ಮಾಡಿ ಬಿಡುವ ಏರ್ ಸ್ಟೋನಿನ ಗುಳ್ಳೆ ಒಡೆಯುವ ಜಾಗದ ಮೇಲೆ ಫೀಡರ್ ಇಡಬೇಡಿ, ಹನಿ ಸಿಡಿಯುತ್ತದೆ. ಹಳೇ ಸೆಲ್ ಹಾಕಬೇಡಿ. ಹೊರಡುವ ವಾರಕ್ಕೆ ಮುಂಚೆಯೇ ಹಚ್ಚಿ, ನೀವು ಮನೆಯಲ್ಲಿದ್ದಾಗಲೇ ಅದರಿಂದ ಊಟ ಹಾಕಿಸಿ ನೋಡಿ. ನಾನಂತೂ ಈಗ ದೊಡ್ಡ ಟ್ಯಾಂಕಿಗೆ ಎರಡು ದಿನಕ್ಕೊಂದು ಸುತ್ತು ಬರುವ ಹಾಗೆ ಇಡುತ್ತೇನೆ. ಎಲ್ಲ ಫೀಡರಿನಲ್ಲೂ ಹಾಗೆ ದಿನ ಬಿಟ್ಟು ದಿನ ಇಡಲು ಆಗುವುದಿಲ್ಲ, ಕೊಳ್ಳುವ ಮುಂಚೆ ಅದೊಂದನ್ನು ಖಾತ್ರಿ ಮಾಡಿಕೊಳ್ಳಿ. ನನ್ನ ಪ್ರಕಾರ ವೈಫೈಗಿಂತ ಇದು ಮುಖ್ಯ.

ಫೀಡರ್ ನಿಜವಾಗಿ ಬೇಕಾಗುವುದು ಮರಿಗಳಿಗೆ. ಗಪ್ಪಿ ಮರಿಗೆ ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಬೇಕು, ಅದು ವಾರ ಉಪವಾಸ ಇರಲಾರದು, ಹಸಿದ ತಾಯಂದಿರು ಮರಿಗಳನ್ನೇ ತಿಂದು ಹಾಕುವುದೂ ಉಂಟು. ಆದರೆ ವಿಚಿತ್ರ ನೋಡಿ, ಮರಿಗೆ ಬೇಕಾದ ಪುಡಿ ಊಟವನ್ನು ಈ ಡ್ರಮ್ ಫೀಡರ್ ಸರಿಯಾಗಿ ಉದುರಿಸುವುದಿಲ್ಲ, ಒಮ್ಮೆ ಉದುರಿದರೆ ರಾಶಿ. ಯಾರಿಗೆ ಬೇಕೋ ಅವರಿಗೆ ಒಗ್ಗುವುದಿಲ್ಲ, ಯಾರಿಗೆ ಬೇಡವೋ ಅವರಿಗೆ ಒಗ್ಗುತ್ತದೆ. ಅದಕ್ಕೇ ಮೂರು ಸ್ಟಾರ್. ಮರಿಗಳ ಟ್ಯಾಂಕಿಗೆ ನಾನು ಜಾವಾ ಮಾಸ್ ಅನ್ನುವ ನೀರೊಳಗಿನ ಗಿಡವನ್ನು ದಂಡಿಯಾಗಿ ತುಂಬಿಬಿಟ್ಟಿದ್ದೇನೆ. ಅದರ ಮೇಲೆ ಬೆಳೆಯುವ ಪಾಚಿ, ಸೂಕ್ಷ್ಮ ಜೀವಿಗಳನ್ನು ಮರಿಗಳು ದಿನವಿಡೀ ಕೆದಕಿ ತಿನ್ನುತ್ತಿರುತ್ತವೆ, ತಾಯಿಯಿಂದ ಅಡಗಿಕೊಳ್ಳುವುದಕ್ಕೂ ಜಾಗ.

ಬಿಳಿ ಶಂಖದ ಆಕಾರದ ವೆಕೇಶನ್ ಬ್ಲಾಕ್ ಬಗ್ಗೆ ಎರಡು ಮಾತು ಸಾಕು. ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಪ್ಲಾಸ್ಟರಿನಂಥ ಗಡ್ಡೆಯೊಳಗೆ ಕಾಳು ಹುದುಗಿಸಿರುತ್ತಾರೆ, ಕರಗುತ್ತಾ ಕಾಳು ಹೊರಗೆ ಬರುತ್ತದೆ ಅನ್ನುವುದು ಲೆಕ್ಕ. ಟ್ಯಾಂಕಿಗೆ ಹಾಕುವ ಧೈರ್ಯ ಬರಲಿಲ್ಲ, ಬಕೆಟ್ಟಿಗೆ ಹಾಕಿ ನೋಡಿದೆ. ನೀರು ಹಾಲಿನ ಬಣ್ಣಕ್ಕೆ ತಿರುಗಿತು, ಕಾಳು ಹೊರಗೆ ಬಂದದ್ದು ಬೆರಳೆಣಿಕೆಯಷ್ಟು. ಮೊದಲೇ ಗಡಸಾಗಿರುವ ನೀರಿಗೆ ಇನ್ನಷ್ಟು ಸುಣ್ಣ ಕರಗಿಸಲು ನಾನು ದುಡ್ಡು ಯಾಕೆ ಕೊಡಬೇಕು? ಒಂದು ಸ್ಟಾರ್, ಅದೂ ಪ್ಯಾಕೆಟ್ ಚೆಂದ ಇತ್ತು ಅಂತ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕರೆಂಟು.

ನೀರಿಗೆ ಗಾಳಿ ಸೇರುವುದು ಮೇಲ್ಮೈ ಅಲುಗಾಡಿದಾಗ. ಫಿಲ್ಟರ್ ನಿಂತರೆ ಅಲುಗಾಟ ನಿಲ್ಲುತ್ತದೆ. 25 ಡಿಗ್ರಿಯಲ್ಲಿ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಇದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಬಿಸಿಯಾದಷ್ಟೂ ಮೀನಿಗೆ ಗಾಳಿ ಜಾಸ್ತಿ ಬೇಕು, ನೀರಿನಲ್ಲಿ ಅದು ಕಮ್ಮಿ ಇರುತ್ತದೆ. ಗಿಡಗಳಿದ್ದರೆ ರಾತ್ರಿ ಅವೂ ಆಮ್ಲಜನಕ ಬಳಸುತ್ತವೆ. ಬೆಟ್ಟಾ, ಗೌರಾಮಿ ಸಾಕಿದವರು ಇಷ್ಟು ಹೆದರಬೇಕಾಗಿಲ್ಲ, ಅವು ಮೇಲೆ ಬಂದು ನೇರವಾಗಿ ಗಾಳಿ ಕುಡಿಯುತ್ತವೆ. ಗೋಲ್ಡ್ ಫಿಶ್, ಟೆಟ್ರಾ, ಆಸ್ಕರ್ ಸಾಕಿದವರಿಗೆ ಹೇಳುತ್ತಿದ್ದೇನೆ.

"ನಮ್ಮನೇಲಿ ಇನ್ವರ್ಟರ್ ಇದೆ" ಅನ್ನುತ್ತೀರಿ. ಒಳ್ಳೆಯದು, ಆದರೆ ಒಂದು ಸಲ ಮೇನ್ ಆಫ್ ಮಾಡಿ ನೋಡಿ, ಟ್ಯಾಂಕ್ ಚುಚ್ಚಿರುವ ಪ್ಲಗ್ ಪಾಯಿಂಟಿಗೆ ಇನ್ವರ್ಟರ್ ಲೈನ್ ಬರುತ್ತದಾ ಅಂತ. ಬಹಳ ಮನೆಗಳಲ್ಲಿ ಲೈಟು, ಫ್ಯಾನು, ಟಿವಿಗೆ ಮಾತ್ರ ಕೊಟ್ಟಿರುತ್ತಾರೆ. ಎಲೆಕ್ಟ್ರಿಷಿಯನ್ ಕರೆಸಿ ಆ ಒಂದು ಪಾಯಿಂಟನ್ನು ಇನ್ವರ್ಟರಿಗೆ ಹಾಕಿಸಿ, ಅರ್ಧ ದಿನದ ಕೆಲಸವೂ ಅಲ್ಲ. ಫಿಲ್ಟರ್ ಎಳೆಯುವುದು ಹತ್ತು ಹದಿನೈದು ವ್ಯಾಟ್, ಮಾಮೂಲಿ 150 ಎಎಚ್ ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಬರೀ ಫಿಲ್ಟರ್ ಇದ್ದರೆ ಒಂದು ದಿನ ದಾಟಿ ಎಳೆಯುತ್ತದೆ, ಹೀಟರ್ ಮಾತ್ರ ಆ ಲೈನಿಗೆ ಹಾಕಬೇಡಿ.

ಆದರೆ ನಮ್ಮವರಿಗೆ ಒಂದು ಅಭ್ಯಾಸ ಇದೆಯಲ್ಲ, ಊರಿಗೆ ಹೊರಡುವಾಗ ಗ್ಯಾಸ್ ಆಫ್, ನಲ್ಲಿ ಆಫ್, ಮೇನ್ ಆಫ್. ನಮ್ಮ ಮಾವನವರು ಇವತ್ತಿಗೂ ಬೀಗ ಹಾಕಿದ ಮೇಲೆ ವಾಪಸ್ ಒಳಗೆ ಹೋಗಿ ಮೇನ್ ನೋಡಿ ಬರುತ್ತಾರೆ. ಅದಕ್ಕೆ ಮೇನ್ ಸ್ವಿಚ್ ಇರುವ ಡಿಬಿ ಬಾಕ್ಸಿನ ಮೇಲೆ ಕೆಂಪು ಮಾರ್ಕರಿನಲ್ಲಿ "ಮೀನು ಇದೆ, ಮುಟ್ಟಬೇಡಿ" ಅಂತ ಬರೆದು ಅಂಟಿಸಿದ್ದೇನೆ. ಫ್ರಿಜ್ಜು, ಗೀಸರು, ಟಿವಿ ಎಲ್ಲದರ ಎಂಸಿಬಿ ಬೇರೆ ಬೇರೆ ಇದ್ದರೆ ಅವನ್ನು ಇಳಿಸಿ, ಟ್ಯಾಂಕಿನದ್ದು ಬಿಡಿ. ಇದಾದ ಮೇಲೂ ಒಂದು ಅಪಾಯ ಉಳಿಯುತ್ತದೆ. ಸಿಡಿಲು ಹೊಡೆದಾಗಲೋ, ನೀರೊಳಗಿನ ಯಾವುದೋ ಮೋಟರು ಲೀಕ್ ಆದಾಗಲೋ ಕರೆಂಟು ಸೋರಿದರೆ ಲೈನ್ ಕಡಿದುಬಿಡುವ ಸ್ವಿಚ್ಚು, ಅಂದರೆ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಎತ್ತಿ ಹಾಕುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಅದು ಹಾಗೇ ಬಿದ್ದಿರುತ್ತದೆ, ಇನ್ವರ್ಟರ್ ಕೈಲಾದಷ್ಟು ಹೊತ್ತು ಎಳೆದು ಸುಮ್ಮನಾಗುತ್ತದೆ. ಬೆಸ್ಕಾಂ ಕರೆಂಟು ಪೂರ್ತಿ ಇದ್ದರೂ ನಿಮ್ಮ ಮನೆಗೆ ಇಲ್ಲ.

ಇಲ್ಲಿಗೆ ಬೇಕಾಗುವುದು ಬ್ಯಾಟರಿ ಏರ್ ಪಂಪ್. ಮುಷ್ಟಿಯಷ್ಟು ಗಾತ್ರ, ಒಳಗೆ ಲಿಥಿಯಂ ಬ್ಯಾಟರಿ, ಯಾವಾಗಲೂ ಪ್ಲಗ್ಗಿಗೆ ಚುಚ್ಚಿಟ್ಟಿರುವುದು. ಕರೆಂಟು ಹೋದ ತಕ್ಷಣ ತಾನೇ ಶುರುವಾಗಿ ಏರ್ ಸ್ಟೋನಿಗೆ ಗಾಳಿ ಊದುತ್ತದೆ, ಬಂದ ಮೇಲೆ ನಿಂತು ಚಾರ್ಜ್ ಆಗುತ್ತದೆ. ನನ್ನದಕ್ಕೆ ಸಾವಿರದ ಒಳಗೇ ಆಯಿತು. ಎರಡು ದಪ್ಪ ಟಾರ್ಚ್ ಸೆಲ್ ಹಾಕುವ ಹಳೇ ಮಾದರಿ ಇನ್ನೂ ಅಗ್ಗ, ಆದರೆ ಅದರಲ್ಲಿ ಬಹಳಷ್ಟಕ್ಕೆ ತಾನಾಗಿ ಶುರುವಾಗುವ ಗುಣ ಇರುವುದಿಲ್ಲ, ಬೀಗ ಹಾಕಿದ ಮನೆಗೆ ಅದರಿಂದ ಏನೂ ಉಪಯೋಗವಿಲ್ಲ. ಡಬ್ಬದ ಮೇಲೆ ಬರೆದಷ್ಟು ಗಂಟೆ ನನ್ನದು ಓಡಲಿಲ್ಲ. ರಾತ್ರಿ ಪ್ಲಗ್ ಕಿತ್ತು ಮಲಗಿದೆ, ಮರುದಿನ ಮಧ್ಯಾಹ್ನದವರೆಗೆ ಓಡಿತು. ಬೆಂಗಳೂರಿಗೆ ಇಷ್ಟು ಸಾಕು.

ಗೊಣಗುವುದಕ್ಕೂ ಇದೆ. ಸದ್ದು ಮಾಡುತ್ತದೆ, ಗಾಜಿಗೆ ತಾಗಿಸಿಟ್ಟರೆ ಇಡೀ ಟ್ಯಾಂಕ್ ಗುಂಯ್‌ಗುಡುತ್ತದೆ, ಕೆಳಗೆ ಒಂದು ಮಡಚಿದ ಬಟ್ಟೆ ಇಟ್ಟರೆ ಸರಿಹೋಗುತ್ತದೆ. ಜೊತೆಗೆ ನಾನ್ ರಿಟರ್ನ್ ವಾಲ್ವ್ ಕೊಡುವುದಿಲ್ಲ. ಇದು ತಪ್ಪು. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು, ಅದು ನಿಂತಾಗ ಪೈಪಿನಲ್ಲಿ ನೀರು ವಾಪಸ್ ಇಳಿದು ಪಂಪಿನೊಳಗೂ, ಅಲ್ಲಿಂದ ಪ್ಲಗ್ ಬೋರ್ಡಿಗೂ ಹೋಗಬಹುದು. ಅಂಗಡಿಯಲ್ಲಿ ಕೆಲವೇ ಹತ್ತು ರೂಪಾಯಿಗೆ ಸಿಗುವ ಪುಟ್ಟ ವಾಲ್ವು, ಬಾಣದ ಗುರುತು ಟ್ಯಾಂಕಿನ ಕಡೆಗೆ ಇರುವ ಹಾಗೆ ಪೈಪಿನ ಮಧ್ಯೆ ಹಾಕಿ. ಆದರೂ ಐದು ಸ್ಟಾರ್ ಕೊಡುತ್ತೇನೆ. ಈ ಲಿಸ್ಟಿನಲ್ಲಿ ಮೀನಿನ ಜೀವ ಉಳಿಸುವ ಸಾಮಾನು ಇದೊಂದೇ.

ಮಲೆನಾಡಿನಲ್ಲಿ ಇದೂ ಸಾಲುವುದಿಲ್ಲ. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟಿಲ್ಲ ಅನ್ನುವ ಊರುಗಳಲ್ಲಿ ಉಪಾಯ ಒಂದೇ, ಮೀನು ಕಮ್ಮಿ ಇಟ್ಟುಕೊಳ್ಳುವುದು. ಅಲ್ಲಿ ನೀರು ತಂಪಾಗಿರುತ್ತದೆ ಅನ್ನುವುದೊಂದು ಅನುಕೂಲ. ಕಲಬುರ್ಗಿ, ರಾಯಚೂರು ಕಡೆ ತಲೆನೋವೇ ಬೇರೆ. ಏಪ್ರಿಲ್ ಮೇನಲ್ಲಿ ಕಿಟಕಿ ಎಲ್ಲ ಮುಚ್ಚಿ, ಫ್ಯಾನಿಲ್ಲದೆ ಬಿಟ್ಟ ಮನೆ ಒಲೆಯ ಹಾಗೆ ಕಾಯುತ್ತದೆ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುವ ಹಾಗೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಒಣ ಹವೆಯ ಊರಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಂಗಳೂರಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಆದರೆ ಫ್ಯಾನ್ ಇಟ್ಟರೆ ನೀರು ಬೇಗ ಆರುತ್ತದೆ. ನನ್ನದರಂಥ ಮೂರು ಅಡಿ ಟ್ಯಾಂಕಿನಿಂದ ದಿನಕ್ಕೆ ಒಂದು ಲೀಟರ್ ಹೋಯಿತು ಅಂತ ಇಟ್ಟುಕೊಳ್ಳಿ, ಹದಿನೈದು ದಿನಕ್ಕೆ ಮಟ್ಟ ನಾಲ್ಕು ಸೆಂಟಿಮೀಟರಿಗಿಂತ ಜಾಸ್ತಿ ಇಳಿಯುತ್ತದೆ. ಟ್ಯಾಂಕಿನ ಹಿಂದೆ ನೇತು ಹಾಕುವ ಫಿಲ್ಟರ್ ಇದ್ದವರು ಇದನ್ನು ಗಮನಿಸಬೇಕು. ನೀರು ಇಳಿದಿರುವಾಗ ಕರೆಂಟು ಹೋಗಿ ಬಂದರೆ ಅದು ನೀರೆಳೆಯಲಾಗದೆ ಒಣಗಿ ಓಡುತ್ತದೆ. ಹೀಟರ್ ಅರ್ಧ ಹೊರಗೆ ಬಂದರೆ ಗಾಜು ಒಡೆಯಬಹುದು, ಬೇಸಿಗೆಯಲ್ಲಿ ಅದನ್ನು ಕಿತ್ತೇ ಇಟ್ಟು ಹೋಗಿ. ಅಂಚಿನವರೆಗೆ ನೀರು ತುಂಬಿಸಿ, ಗಾಜಿನ ಮುಚ್ಚಳ ಹಾಕಿ ಹೋದರೆ ಫ್ಯಾನಿಲ್ಲದ ಟ್ಯಾಂಕಿನಲ್ಲಿ ಅರ್ಧ ಚಿಂತೆ ಹೋಯಿತು.

ಲೈಟಿಗೆ ಟೈಮರ್ ಪ್ಲಗ್ ಸಾಕು. ಸುತ್ತಲೂ ಹಲ್ಲುಗಳಿರುವ ಮೆಕ್ಯಾನಿಕಲ್ ಟೈಮರ್ ಅಗ್ಗ, ಗಟ್ಟಿ, ಆದರೆ ಕರೆಂಟು ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ಹಾಗಾಗಿ ದಿನ ಕಳೆದಂತೆ ಲೈಟು ಸಂಜೆಯಿಂದ ರಾತ್ರಿಗೆ, ರಾತ್ರಿಯಿಂದ ಬೆಳಗಿನ ಜಾವಕ್ಕೆ ಜರುಗುತ್ತಾ ಹೋಗುತ್ತದೆ. ಮೀನಿಗೆ ಇದರಿಂದ ಸಾವೇನೂ ಬರುವುದಿಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರಿಗೆ ಈ ತೊಂದರೆ ಇಲ್ಲ. ದಿನಕ್ಕೆ ಆರು ಗಂಟೆ ಲೈಟು ಸಾಕು, ಜಾಸ್ತಿ ಇಟ್ಟರೆ ಪಾಚಿ. ಕ್ಯಾಮೆರಾ ಕೂಡ ಇಟ್ಟು ನೋಡಿದೆ. ಅತ್ತೆ ಮನೆಯ ಜಗಲಿಯಲ್ಲಿ ಕೂತು ಗಂಟೆಗೊಮ್ಮೆ ಮೊಬೈಲಲ್ಲಿ ಮೀನು ನೋಡುವುದೇ ಆಯಿತು, ಬೇರೇನೂ ಉಪಯೋಗವಾಗಲಿಲ್ಲ.

ಈಗ ಮನುಷ್ಯರ ಸರ್ವಿಸ್. ಬೆಂಗಳೂರಿನಲ್ಲಿ ಮನೆಗೇ ಬಂದು ಟ್ಯಾಂಕ್ ತೊಳೆದು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಒಬ್ಬರಿಗೆ ಕೀಲಿ ಕೊಟ್ಟು, ವಾರಕ್ಕೊಮ್ಮೆ ಬಂದು ನೋಡಿ ಅಂತ ಹೇಳಿ ಹೋಗಿದ್ದೆ. ಹುಡುಗ ನಿಯತ್ತಿನವನು, ಹೇಳಿದ ದಿನ ಬಂದಿದ್ದ, ಫೋಟೋ ಕಳಿಸಿದ್ದ, ಗಾಜು ಥಳಥಳ ಅನ್ನುತ್ತಿತ್ತು. ಆದರೆ ಫಿಲ್ಟರಿನ ಸ್ಪಂಜನ್ನೂ ನಲ್ಲಿ ನೀರಿನಲ್ಲಿ ಹಿಂಡಿ ಹಿಂಡಿ ಹೊಸದರ ಹಾಗೆ ಮಾಡಿಟ್ಟಿದ್ದ. ಅಷ್ಟು ದಿನ ಬೆಳೆದಿದ್ದ ಬ್ಯಾಕ್ಟೀರಿಯಾ ಎಲ್ಲ ಮೋರಿಗೆ ಹೋಯಿತು. ನಾವು ಬಂದಾಗ ನೀರು ಮೋಡ ಕಟ್ಟಿತ್ತು, ಟೆಟ್ರಾಗಳು ಮೂಲೆ ಹಿಡಿದಿದ್ದವು. ಸರ್ವಿಸಿನವರನ್ನು ಕರೆಸುವುದಾದರೆ ಒಂದೇ ಮಾತು ಬರೆದುಕೊಡಿ: ಸ್ಪಂಜು ಮುಟ್ಟಬಾರದು, ಮುಟ್ಟಲೇಬೇಕಾದರೆ ಟ್ಯಾಂಕಿನದೇ ನೀರಿನಲ್ಲಿ ಅದ್ದಿ ತೆಗೆಯಬೇಕು. ಅವರು ಹೊಸ ನೀರು ಹಾಕುವುದಾದರೆ ಕ್ಲೋರಿನ್ ತೆಗೆಯುವ ದ್ರಾವಣದ ಬಾಟಲಿಯನ್ನು ಎದುರಿಗೇ ಇಟ್ಟು ಹೋಗಿ. ಎರಡು ಸ್ಟಾರ್.

ಅದಕ್ಕಿಂತ ಸಾವಿರ ಪಾಲು ಮೇಲು ನಮ್ಮ ಪಕ್ಕದ ಮನೆ ಆಂಟಿ. ಅವರಿಗೆ ಮೀನಿನ ಬಗ್ಗೆ ಏನೂ ಗೊತ್ತಿಲ್ಲ, ಅದೇ ಒಳ್ಳೆಯದು. ಮೊದಲ ಸಲ ಕಾಳಿನ ಡಬ್ಬಿಯನ್ನೇ ಕೈಗೆ ಕೊಟ್ಟಿದ್ದಕ್ಕೆ ದಿನಕ್ಕೆರಡು ಸಲ ಧಾರಾಳವಾಗಿ ಹಾಕಿದ್ದರು. "ಅಯ್ಯೋ ಪಾಪ, ಬಾಯಿ ಬಾಯಿ ಬಿಡ್ತಿದ್ವು ಕಣಮ್ಮ, ನೋಡಕ್ಕಾಗ್ಲಿಲ್ಲ" ಅಂದರು. ಮೀನು ಯಾರನ್ನು ಕಂಡರೂ ಬಾಯಿ ಬಿಡುತ್ತದೆ, ಅದಕ್ಕೆ ನಾಚಿಕೆ ಇಲ್ಲ. ಈಗ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ವಾರದ ಮಾತ್ರೆ ಡಬ್ಬಿ ತಂದಿದ್ದೇನೆ, ಭಾನುವಾರದಿಂದ ಶನಿವಾರದವರೆಗೆ ಏಳು ಮನೆ ಇರುವುದು. ಅದರಲ್ಲಿ ಮೂರು ದಿನದ ಮನೆಗೆ ಮಾತ್ರ ಚಿಟಿಕೆ ಕಾಳು, ಉಳಿದದ್ದು ಖಾಲಿ. ಮುಖ್ಯ ಡಬ್ಬಿಯನ್ನು ಬೀರುವಿನಲ್ಲಿ ಇಟ್ಟು ಬೀಗ. ಖಾಲಿ ದಿನವೂ ಆಂಟಿ ಬಂದು ನೋಡುತ್ತಾರೆ, ಫಿಲ್ಟರ್ ಓಡುತ್ತಿದೆಯಾ, ಯಾವುದಾದರೂ ಸತ್ತು ತೇಲುತ್ತಿದೆಯಾ ಅಂತ. ಆರ್‌ಸಿಸಿಬಿ ಎಲ್ಲಿದೆ, ಹೇಗೆ ಎತ್ತಿ ಹಾಕಬೇಕು ಅಂತ ತೋರಿಸಿಕೊಟ್ಟಿದ್ದೇನೆ. ಯಾವ ಫೀಡರೂ ಇದನ್ನು ಮಾಡುವುದಿಲ್ಲ ಅಲ್ವಾ. ತೀರ್ಥಹಳ್ಳಿಯಿಂದ ಬರುವಾಗ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ತಂದು ಕೊಡುವುದು ಇದರ ಫೀಸು.

ಒಂದು ತಿಂಗಳು ದಾಟಿದರೆ ಈ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಪರಿಚಯದವರೊಬ್ಬರು ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೊರಟಾಗ ನನ್ನನ್ನು ಕೇಳಿದರು, ಫೀಡರ್ ಯಾವುದು ಒಳ್ಳೆಯದು ಅಂತ. ಆರು ತಿಂಗಳಿಗೆ ಫೀಡರಾ! ನೀರು ಬದಲಿಸುವವರು ಯಾರು? ಆರಿದ ನೀರಿನ ಜಾಗಕ್ಕೆ ನೀರು ಹಾಕಿದರೂ ಲವಣ ಆರುವುದಿಲ್ಲ, ಅದು ಹಿಂದೆಯೇ ಉಳಿದು ನೀರು ಇನ್ನೂ ಗಡಸಾಗುತ್ತಾ ಹೋಗುತ್ತದೆ. ನೈಟ್ರೇಟ್ ಕೂಡ ಏರುತ್ತಲೇ ಇರುತ್ತದೆ. ಅಷ್ಟು ದಿನಕ್ಕೆ ಮೀನನ್ನು ಗೊತ್ತಿರುವವರ ಟ್ಯಾಂಕಿಗೆ ಕಳಿಸಿ, ಇಲ್ಲವೇ ಅಂಗಡಿಗೇ ವಾಪಸ್ ಕೊಟ್ಟುಬಿಡಿ. ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆಯ ಅಂಗಡಿಗಳೇ ಆಗಲಿ, ನಿಮ್ಮ ಬಡಾವಣೆಯ ಅಂಗಡಿಯೇ ಆಗಲಿ, ಆರೋಗ್ಯವಾಗಿರುವ ದೊಡ್ಡ ಮೀನು ತಂದರೆ ಬೇಡ ಅನ್ನುವವರು ಕಮ್ಮಿ. ದುಡ್ಡು ಮಾತ್ರ ಕೇಳಬೇಡಿ, ಕೊಡುವುದಿಲ್ಲ. ಕೆರೆಗೆ ಬಿಡುವ ಪುಣ್ಯದ ಕೆಲಸ ದಯವಿಟ್ಟು ಬೇಡ. ಅಂಗಡಿಯಿಂದ ತಂದ ಸಕ್ಕರ್ ಮೀನುಗಳು ಕೆರೆಗಳಲ್ಲಿ ತುಂಬಿಕೊಂಡು ಅಲ್ಲಿನ ಮೀನಿಗೆ ಜಾಗವಿಲ್ಲದ ಹಾಗೆ ಮಾಡಿವೆ.

ಹೊರಡುವ ಮುಂಚಿನದ್ದು ಸ್ವಲ್ಪ. ಎರಡು ಮೂರು ದಿನ ಮೊದಲು ಕಾಲು ಭಾಗ ನೀರು ಬದಲಿಸಿ, ಹೊರಡುವ ದಿನ ಬೇಡ, ಏನಾದರೂ ಎಡವಟ್ಟಾದರೆ ನೋಡುವುದಕ್ಕೆ ನೀವಿರಬೇಕು. ಹೊರಡುವ ಹಿಂದಿನ ಎರಡು ವಾರ ಹೊಸ ಮೀನು ತರಬೇಡಿ, ರೋಗ ಜೊತೆಗೇ ಬರುತ್ತದೆ. ಬಸ್ ಹತ್ತುವ ದಿನ "ಇನ್ನು ಹತ್ತು ದಿನ ಉಪವಾಸ ಪಾಪ" ಅಂತ ಎರಡು ಪಾಲು ಹಾಕುವವರು ಇದ್ದಾರೆ, ನಮ್ಮ ಮನೆಯಲ್ಲೇ ಇದ್ದಾರೆ, ಅವರ ಕೈಗೆ ಡಬ್ಬಿ ಸಿಗದ ಹಾಗೆ ನೋಡಿಕೊಳ್ಳಿ.

ವಾಪಸ್ ಬಂದ ದಿನ ಕೂಡ ಊಟಕ್ಕೆ ಅವಸರ ಬೇಡ. ಒಂದು ಚಿಟಿಕೆ ಸಾಕು, ಮರುದಿನದಿಂದ ನಿಧಾನವಾಗಿ ಮಾಮೂಲಿಗೆ ಬನ್ನಿ. ಅಮೋನಿಯಾ ಟೆಸ್ಟ್ ಹನಿ ಇದ್ದರೆ ನೋಡಿ, ಸೊನ್ನೆಗಿಂತ ಮೇಲಿದ್ದರೆ ಊಟ ನಿಲ್ಲಿಸಿ ನೀರು ಬದಲಿಸಿ. ಟ್ಯಾಂಕಿನ ಹೊರಗೆ ಮುಚ್ಚಿದ ಡಬ್ಬಿಯ ಹಾಗಿರುವ ಕ್ಯಾನಿಸ್ಟರ್ ಫಿಲ್ಟರ್ ಇದ್ದವರು ಬಾಗಿಲು ತೆರೆದ ತಕ್ಷಣ ಮೊದಲು ಅದರ ಸದ್ದು ಕೇಳಿ. ಅದು ಯಾವಾಗಲೋ ನಿಂತುಹೋಗಿದ್ದರೆ ಗಾಬರಿಯಲ್ಲಿ ಸ್ವಿಚ್ ಹಾಕಬೇಡಿ. ಮುಚ್ಚಿದ ಡಬ್ಬಿಯೊಳಗೆ ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಸತ್ತು ಕೊಳೆತಿರುತ್ತದೆ, ಮೋಟರು ಶುರುವಾದರೆ ಆ ನಾರುವ ನೀರೆಲ್ಲ ನೇರವಾಗಿ ಟ್ಯಾಂಕಿಗೆ ಬರುತ್ತದೆ. ಪೈಪು ಕಳಚಿ, ಬಚ್ಚಲಿಗೆ ಒಯ್ದು, ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಿನಲ್ಲಿ ಅಲುಬಿ, ಆಮೇಲೆ ಜೋಡಿಸಿ ಹಾಕಿ. ಅಲ್ಲಿಯವರೆಗೆ ಬ್ಯಾಟರಿ ಪಂಪ್ ಓಡುತ್ತಿರಲಿ.